ಲೋಕ ಕಟ್ಟೋಕೆ ಎತ್ತಿನ ಗಾಡಿ ಸಾಕಾಯ್ತು

ಹೋದ ವರ್ಷ ನನ್ನ ಫ್ಯಾಂಟಸಿ ಕಾದಂಬರಿ ಅಚ್ಚಾಯಿತು. 500 ಪ್ರತಿ ಹಾಕಿಸಿದ್ದೆ, ಖರ್ಚು ಹತ್ತಿರ ಹತ್ತಿರ 60 ಸಾವಿರ. ಈಗ ಮಂಚದ ಕೆಳಗೆ ಉಳಿದಿರುವುದು 70-80 ಇರಬಹುದು. ಸ್ವಂತ ದುಡ್ಡು ಹಾಕಿ ಕನ್ನಡದಲ್ಲಿ ಫ್ಯಾಂಟಸಿ ತರ್ತೀನಿ ಅಂದಾಗ ನಕ್ಕವರು ಬಹಳ ಜನ. ಅವರಲ್ಲೇ ಮೂವರು ಈಗ ಫೋನ್ ಮಾಡಿ "ಆ ಲೋಕ ಹೇಗೆ ಕಟ್ಟಿದ್ರಿ ಸಾರ್" ಅಂತ ಕೇಳಿದ್ದಾರೆ. ಲೋಕ ಅಂದರೆ ಕಥೆ ನಡೆಯುವ ಕಲ್ಪನೆಯ ನಾಡು, ಅದರ ಜನ, ದಾರಿ, ಕಟ್ಟಳೆ ಎಲ್ಲ. ಒಬ್ಬೊಬ್ಬರಿಗೂ ಅದನ್ನೇ ಹೇಳುವ ಬದಲು ಬರೆದುಬಿಡೋಣ ಅಂತ ಕೂತಿದ್ದೇನೆ.

ಮೊದಲು ಹಾಳುಮಾಡಿಕೊಂಡ ನಾಲ್ಕು ವರ್ಷದ ಕಥೆ. ಲೋಕ ಕಟ್ಟುವುದನ್ನು ಕಲಿಸುವ ಇಂಗ್ಲಿಷ್ ಕೈಪಿಡಿಗಳು ಸಿಕ್ಕಿದ್ದನ್ನೆಲ್ಲ ತರಿಸಿದೆ. 13-14 ಸಾವಿರ ಹೋಯಿತು, ಹೆಂಡತಿ ಇವತ್ತಿಗೂ ಅದನ್ನು ಎತ್ತಿ ಆಡುತ್ತಾಳೆ. ಅಮೆರಿಕದ ಫ್ಯಾಂಟಸಿ ಲೇಖಕಿ ಪೆಟ್ರೀಷಿಯಾ ರೀಡಿಯದು (Wrede) ಒಂದು ಪ್ರಶ್ನೆಗಳ ಪಟ್ಟಿ ಇದೆ, ಲೋಕ ಕಟ್ಟುವವರು ತಮ್ಮನ್ನೇ ಕೇಳಿಕೊಳ್ಳೋಕೆ: ಹವಾಮಾನ, ಕಾನೂನು, ಊಟ, ಮಂತ್ರ, ಮದುವೆ, ಮರ್ಯಾದೆ. ಪಟ್ಟಿಯಲ್ಲಿ ತಪ್ಪೇನಿಲ್ಲ. ನಾನು ಅದನ್ನು ಎಸೆಸೆಲ್ಸಿ ಪ್ರಶ್ನೆಪತ್ರಿಕೆ ಅಂದುಕೊಂಡೆ. ಒಂದನ್ನೂ ಬಿಡದೆ ಉತ್ತರ ಬರೆದೆ. ಟಿಪ್ಪಣಿ 340 ಪುಟ ಆಯಿತು, ಕಥೆ 11 ಪುಟ. ರಾಜನ ಅಡುಗೆಮನೆಯಲ್ಲಿ ಎಷ್ಟು ಒಲೆ ಇವೆ ಅನ್ನುವುದೂ ಗೊತ್ತಿತ್ತು, ರಾಜ ಏನು ಮಾಡ್ತಾನೆ ಅನ್ನುವುದು ಗೊತ್ತಿರಲಿಲ್ಲ.

'ಲಾರ್ಡ್ ಆಫ್ ದಿ ರಿಂಗ್ಸ್' ಬರೆದ ಟೋಲ್ಕಿನ್ ನಕ್ಷೆಯಿಂದ ಶುರುಮಾಡಿದ್ದ ಅಂತ ಓದಿದ ಮೇಲೆ ನಕ್ಷೆಯ ಹುಚ್ಚು ಹಿಡಿಯಿತು. ಒಬ್ಬ ಚಿತ್ರಕಾರರಿಗೆ 8 ಸಾವಿರ ಕೊಟ್ಟು ಬಣ್ಣದ ನಕ್ಷೆ ಬರೆಸಿದೆ. ಚೆನ್ನಾಗಿಯೇ ಬಂತು. ಸಮುದ್ರದಿಂದ ರಾಜಧಾನಿಗೆ 2,000 ಕಿಲೋಮೀಟರ್, ನಡುವೆ ಬೆಟ್ಟ, ಮರಳುಗಾಡು, ಎಲ್ಲ ಭರ್ಜರಿ.

ಆ ನಕ್ಷೆಯ ಕಥೆ ಮುಗಿಸಿದ್ದು ಉಪ್ಪು. ಒಂದು ಅಧ್ಯಾಯದಲ್ಲಿ ಮುದುಕಿಯೊಬ್ಬಳು ಸಂತೆಗೆ ಹೋಗಿ ಉಪ್ಪು ಕೊಳ್ಳುತ್ತಾಳೆ, ಅಷ್ಟೇ. ಆ ಉಪ್ಪು ಎಲ್ಲಿಂದ ಬಂತು ಅಂತ ಸುಮ್ನೆ ಲೆಕ್ಕ ಹಾಕಿದೆ. ಹುಳಿಯಾರು ಕಡೆ ಇರುವ ನನ್ನ ಸೋದರಮಾವ ಚಿಕ್ಕಂದಿನಲ್ಲಿ ಗಾಡಿ ಹೊಡೆದವರು. ಫೋನ್ ಮಾಡಿ ಕೇಳಿದೆ. ಹೇರು ಹಾಕಿದ ಗಾಡಿ ದಿನಕ್ಕೆ 20 ಕಿಲೋಮೀಟರ್ ನಡೆದರೆ ಜಾಸ್ತಿ, ಹೇರು ಎಂಟು ಕ್ವಿಂಟಲ್, ಜೋಡಿ ಎತ್ತಿಗೆ ದಿನಕ್ಕೆ 12 ಕೆಜಿ ಹುಲ್ಲಾದರೂ ಬೇಕು ಅಂದರು. ಅಂದರೆ 2,000 ಕಿಲೋಮೀಟರಿಗೆ 100 ದಿನ, 1,200 ಕೆಜಿ ಹುಲ್ಲು. ಗಾಡಿ ಹೊರುವುದಕ್ಕಿಂತ ಎತ್ತು ತಿನ್ನುವುದೇ ಹೆಚ್ಚಾಯಿತು! "ದಾರಿಯಲ್ಲಿ ಮೇಯಲ್ವಾ ಮಾವ" ಅಂದೆ. "ಮೇಯೋಕೆ ನಿಂತ್ರೆ ನಡೆಯೋದು ಯಾವಾಗ್ಲೋ?" ಅಂದರು. ಎಂಟು ಸಾವಿರದ ನಕ್ಷೆ ಅವತ್ತು ಬೀರುವಿನ ಮೇಲೆ ಹೋಯಿತು. ಸಮುದ್ರವನ್ನು 260 ಕಿಲೋಮೀಟರಿಗೆ ಎಳೆದುಕೊಂಡೆ. 13 ದಿನದ ದಾರಿ, ನಡುವೆ ಮೂರು ಸುಂಕದ ಕಟ್ಟೆ. ಸುಂಕ ಅಂದ ತಕ್ಷಣ ಕದ್ದು ಸಾಗಿಸುವವನೊಬ್ಬ ಹುಟ್ಟಿಕೊಂಡ. ಕಥೆ ಶುರುವಾಗಿದ್ದೇ ಅವನಿಂದ.

ಅಲ್ಲಿಂದ ನನ್ನ ವಿಧಾನ ಇದೊಂದೇ. ಒಬ್ಬರನ್ನು ಮನೆಯಿಂದ ಸಂತೆಗೆ ಕಳಿಸಿ ವಾಪಸ್ ಕರೆದುಕೊಂಡು ಬರುವುದು. ದಾರಿಯಲ್ಲಿ ಅವರ ಕೈಗೆ, ಕಾಲಿಗೆ, ದುಡ್ಡಿಗೆ ಏನು ತಗಲುತ್ತದೋ ಅಷ್ಟನ್ನು ಮಾತ್ರ ಕಟ್ಟುವುದು. ತಗಲದೇ ಇದ್ದದ್ದು ಆ ಲೋಕದಲ್ಲಿ ಇಲ್ಲ. ಇದನ್ನು ಬರಹಗಾರರ ಒಂದು ಕೂಟದಲ್ಲಿ ಹೇಳಿದಾಗ ಹಿರಿಯರೊಬ್ಬರು "ಇದು ಫ್ಯಾಂಟಸಿ ಅಲ್ಲ, ಪಂಚಾಯ್ತಿ ವರದಿ" ಅಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆ ಹಿರಿಯರು ಪುಸ್ತಕ ಕೊಂಡಿದ್ದಾರೆ, ಓದಿದರೋ ಗೊತ್ತಿಲ್ಲ.

ಮಂತ್ರವನ್ನೂ ಹೀಗೇ ಮಾಡಿದೆ. ಕೈಪಿಡಿಗಳೆಲ್ಲ ಮಂತ್ರಕ್ಕೆ ಒಂದು ಬೆಲೆ ಇಡಿ ಅನ್ನುತ್ತವೆ. ನಾನು ಕೆರೆ ನೀರನ್ನೇ ಬೆಲೆಯಾಗಿ ಇಟ್ಟೆ. ಯಾರು ಮಂತ್ರ ಹಾಕಿದರೂ ಊರ ಕೆರೆ ಅಷ್ಟು ಇಳಿಯುತ್ತದೆ. ಆಗ ಮಂತ್ರವಾದಿಗಿಂತ ತೂಬು ಎತ್ತುವ ನೀರುಗಂಟಿಯೇ ದೊಡ್ಡ ಮನುಷ್ಯ ಆಗಿಬಿಟ್ಟ. ಅಚ್ಚುಕಟ್ಟಿನ ಕೊನೆಯ ಗದ್ದೆಯವರಿಗೆ ಮಂತ್ರವಾದಿ ಅಂದರೆ ಮೈ ಉರಿ. ಇದನ್ನು ನಾನು ಕೂತು ಯೋಚಿಸಲಿಲ್ಲ, ಕೆರೆ ಇಟ್ಟ ಮೇಲೆ ತಾನಾಗಿ ಬಂತು.

ಲೋಕಕ್ಕೆ ಬೇಕಾದ ಸಾಮಾನು ಎತ್ತಿಕೊಂಡಿದ್ದು ಜಾಸ್ತಿ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್‌ನ ಪ್ರವಾಸಕಥನದಿಂದ. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಮದರಾಸಿನಿಂದ ಹೊರಟು ಮೈಸೂರು ಸೀಮೆ, ಕೆನರಾ, ಮಲಬಾರ್ ಸುತ್ತಿದವನು. 1807ರಲ್ಲಿ ಮೂರು ಸಂಪುಟ ಬಂದಿವೆ. ಬೆಳೆ, ಕೂಲಿ, ಅಳತೆ, ಸಂತೆ, ಏನೂ ಬಿಟ್ಟಿಲ್ಲ. ಸ್ಕ್ಯಾನ್ ಪ್ರತಿ ಪುಕ್ಕಟೆ ಸಿಗುತ್ತದೆ. ಅದಕ್ಕೇ ಹೊಟ್ಟೆ ಉರಿಯುವುದು, 14 ಸಾವಿರ ನೆನೆದು.

ನಡುವೆ ಒಂದು ಹುಚ್ಚಾಟ. ನನ್ನ ಲೋಕಕ್ಕೆ ಎರಡು ಚಂದ್ರ ಇಟ್ಟೆ, ಒಂದು 20 ದಿನಕ್ಕೆ, ಇನ್ನೊಂದು 27 ದಿನಕ್ಕೆ ಹುಣ್ಣಿಮೆ. ಎರಡಕ್ಕೂ ಪಂಚಾಂಗ ಬರೆಯೋಕೆ ಹೊರಟೆ. ನಮ್ಮ ಒಂದೇ ಚಂದ್ರನ ಹನ್ನೆರಡು ತಿಂಗಳು ಸೂರ್ಯನ ವರ್ಷಕ್ಕೆ 11 ದಿನ ಕಮ್ಮಿ ಬಿದ್ದು ಅಧಿಕ ಮಾಸ ಸೇರಿಸಬೇಕು, ಎರಡಿದ್ದರೆ ಕೇಳೋದೇ ಬೇಡ. ಎರಡು ನೋಟ್‌ಬುಕ್ ತುಂಬಿದವು, ಮೂರನೆಯದರಲ್ಲಿ ಬಿಟ್ಟೆ. ಉಳಿದದ್ದು ಒಂದು ಸಂಖ್ಯೆ: 540. ಅಷ್ಟು ದಿನಕ್ಕೊಮ್ಮೆ ಎರಡೂ ಒಟ್ಟಿಗೆ ಅಮಾವಾಸ್ಯೆ. ಅವತ್ತು ಎಲ್ಲ ಸಾಲ ತೀರಬೇಕು ಅಂತ ಮಾಡಿದೆ. ಕಾದಂಬರಿಯ ಕೊನೆಯ 60 ಪುಟ ನಿಂತಿರುವುದು ಆ ರಾತ್ರಿಯ ಮೇಲೆ.

ಹೆಸರುಗಳ ಗುಟ್ಟು ಅರ್ಧ ಹೇಳುತ್ತೇನೆ. ಬೆಟ್ಟದವರ ಹೆಸರಿನಲ್ಲಿ ಮಹಾಪ್ರಾಣ ಒಂದೂ ಇಲ್ಲ: ತಂಬಿಲ, ಕುರುಕ, ಮಾದೆ. ಅರಮನೆಯವರಿಗೆ ಮಾತ್ರ ಘ, ಧ, ಭ. ಎಲ್ಲೂ ವಿವರಿಸಿಲ್ಲ, ಆದರೂ ಹೆಸರು ಕೇಳಿದರೇ ಯಾರು ಎಲ್ಲಿಯವರು ಗೊತ್ತಾಗುತ್ತೆ ಅಂತ ಓದುಗರು ಹೇಳಿದರು. ಬೆಟ್ಟದ ಹುಡುಗಿ ಅರಮನೆ ಸೇರಿದಾಗ ಅವಳ ಹೆಸರಿಗೆ ಏನು ಮಾಡಿದೆ ಅನ್ನುವುದನ್ನು ಇಲ್ಲಿ ಬರೆಯಲ್ಲ. 70 ಪ್ರತಿ ಇನ್ನೂ ಇವೆ ಅಂತ ಆಗಲೇ ಹೇಳಿದೆ ಅಲ್ವಾ.

ಈಗ ವಿಜ್ಞಾನ ಕಾದಂಬರಿಗೆ ಕೈಹಾಕಿದ್ದೇನೆ. ಒಂದು ಮುಖವನ್ನು ಸದಾ ತನ್ನ ಸೂರ್ಯನಿಗೇ ತೋರಿಸುವ ಗ್ರಹ, ಒಂದು ಕಡೆ ಹಗಲು ಮುಗಿಯಲ್ಲ, ಇನ್ನೊಂದು ಕಡೆ ಕತ್ತಲು ಬಿಡಲ್ಲ. ಮೂಲೆಯಲ್ಲಿದ್ದ ಸ್ಟೀಫನ್ ಗಿಲೆಟ್‌ನ 1996ರ ಕೈಪಿಡಿ ಈಗ ಕೆಲಸಕ್ಕೆ ಬಂತು, ಗ್ರಹಗಳ ಲೆಕ್ಕಕ್ಕೆ ನನ್ನ ಕಪಾಟಿನಲ್ಲಿ ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ನನ್ನ ವಿಧಾನ ಮೊದಲ ಪುಟದಲ್ಲೇ ಸಿಕ್ಕಿಹಾಕಿಕೊಂಡಿದೆ. ಹೊತ್ತು ಹುಟ್ಟಲ್ಲ, ಮುಳುಗಲ್ಲ, ವಾರ ಇಲ್ಲ. ಸಂತೆ ಯಾವತ್ತು ಅಂತ ಜನಕ್ಕೆ ಗೊತ್ತಾಗೋದು ಹೇಗೆ? ಮಾವನನ್ನು ಕೇಳಿದೆ. "ಸಂತೆಗೆ ಹೋಗೋರು ಹೊರಟಾಗ ಹೊರಡೋದಪ್ಪ" ಅಂದರು. ಎರಡು ತಿಂಗಳಿಂದ ಅದನ್ನೇ ಹಿಡಿದು ಕೂತಿದ್ದೇನೆ, ಒಂಬತ್ತು ಪುಟ ಆಗಿದೆ.