ಗಂಗಾವತಿ ಬಿಸಿಲಲ್ಲಿ ಗಿಡದ ಟ್ಯಾಂಕ್: ಪಾಚಿ ಹತೋಟಿಗೆ ಬಂದದ್ದು ಹೀಗೆ

ನೀರು ತಂಪು ಮಾಡುವ ಚಿಲ್ಲರ್ ಇಲ್ಲದೆ ನಮ್ಮೂರಲ್ಲಿ ಗಿಡದ ಟ್ಯಾಂಕ್, ಅಂದರೆ ಮೀನಿನ ಜೊತೆ ಜೀವಂತ ಗಿಡ ಬೆಳೆಸುವ ಗಾಜಿನ ತೊಟ್ಟಿ, ನಿಲ್ಲಲ್ಲ ಅಂತ ಎಲ್ಲರೂ ಹೇಳುತ್ತಿದ್ದರು. "ಅಣ್ಣಾ, ಪ್ಲಾಸ್ಟಿಕ್ ಗಿಡ ಹಾಕ್ರಿ, ಸುಮ್ನ ರೊಕ್ಕ ಹಾಳು ಮಾಡ್ಕೋಬ್ಯಾಡ್ರಿ" ಅಂದಿದ್ದ ಮೀನು ಮಾರುವ ಹುಡುಗ. ಈಗ ನನ್ನ ಮೂರಡಿ ಟ್ಯಾಂಕ್ ಎರಡು ಬೇಸಿಗೆ ದಾಟಿದೆ. ಅದೇ ಹುಡುಗ ನನ್ನ ಹತ್ತಿರ ಗಿಡ ಒಯ್ಯುತ್ತಾನೆ.

ಮೊದಲು ರೊಕ್ಕ ಹೋದ ದಾರಿ ಹೇಳುತ್ತೇನೆ. ಪಾಚಿ ಅಂದ ಕೂಡಲೇ ಅಂಗಡಿಯವರು ಕೊಡುವುದು ಸಕ್ಕರ್ ಫಿಶ್. ಸಣ್ಣದಿದ್ದಾಗ ಗಾಜು ಸ್ವಚ್ಛ ಮಾಡುತ್ತೆ. ಬೆಳೆದ ಮೇಲೆ ಪಾಚಿ ಬಿಟ್ಟು ನಾವು ಹಾಕುವ ಮೀನಿನ ಕಾಳಿಗೆ ಬೀಳುತ್ತೆ, ಅದು ಮಾಡುವ ಗಲೀಜಿಗೆ ಪಾಚಿ ಇನ್ನೂ ಜಾಸ್ತಿ. ಒಂದಡಿ ಮೀರುವ ಪರದೇಶದ ಮೀನು, ಕಾಲುವೆಗೆ ಬಿಡುವ ಹಾಗೂ ಇಲ್ಲ. ಓಟೋ ಅನ್ನುವ ಪಾಚಿ ತಿನ್ನುವ ಸಣ್ಣ ಮೀನುಗಳಿಗೆ ಸಾವಿರದ ಹತ್ತಿರ ಹೋಯಿತು. ಚಳಿಗಾಲದಲ್ಲಿ ಚೆನ್ನಾಗಿದ್ದವು. ಏಪ್ರಿಲ್‌ನಲ್ಲಿ ನೀರು 32 ಡಿಗ್ರಿ ದಾಟಿತು, ಒಂದೂ ಉಳಿಯಲಿಲ್ಲ. ಪಾಚಿ ಕೊಲ್ಲುವ ಬಾಟಲಿಗೆ 600 ರೂಪಾಯಿ. ಗಡ್ಡದಂಥ ಕಪ್ಪು ಪಾಚಿ ಕೆಂಪಾಗಿ ಸತ್ತಿತು, ನಿಜ. ಜೊತೆಗೆ ರಿಬ್ಬನ್‌ನಂಥ ಎಲೆಯ ನೀರುಗಿಡ ವ್ಯಾಲಿಸ್ನೇರಿಯಾ ಬೇಯಿಸಿದ ಸೊಪ್ಪಿನ ಹಾಗೆ ಕರಗಿ ಹೋಯಿತು. ಗ್ಲುಟರಾಲ್ಡಿಹೈಡ್ ಅನ್ನುವ ರಾಸಾಯನಿಕ ಇರುವ ಬಾಟಲಿ ಈ ಗಿಡಕ್ಕೆ ಆಗಿಬರಲ್ಲ.

ನಮ್ಮ ಬೋರ್ ನೀರು ಗಡಸು, ಮೇಲೆ ಬಿಸಿ. ಅದನ್ನು ಬದಲಿಸೋದು ಬಿಟ್ಟು, ಅದರಲ್ಲೇ ಸೊಂಪಾಗಿ ಬದುಕುವುದನ್ನು ತಂದೆ. ಹಿಂದೆ ವ್ಯಾಲಿಸ್ನೇರಿಯಾ, ಮೇಲೆ ತೇಲುವ ಹಾರ್ನ್‌ವರ್ಟ್ ಗಿಡ, ಆರು ಮೊಲ್ಲಿ ಮೀನು. ಗಿಡವನ್ನು ಮೊದಲ ದಿನವೇ ಒತ್ತೊತ್ತಾಗಿ ಹಾಕಿದೆ, ಮುಕ್ಕಾಲು ನೆಲ ಮುಚ್ಚುವಷ್ಟು. ನಾಲ್ಕು ಕಡ್ಡಿ ನೆಟ್ಟು ಕಾಯುತ್ತಾ ಕೂತರೆ ಗೊಬ್ಬರವೆಲ್ಲ ಪಾಚಿಗೇ. ಮರಳಿನ ಕೆಳಗೆ ಕರಿಮಣ್ಣಿನ ಒಂದು ಮಿಶ್ರಣ ಇದೆ. ಅದರ ಅಳತೆ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಲೈಟ್ ಸಂಜೆ 4ರಿಂದ ರಾತ್ರಿ 10, ಅಷ್ಟೇ. 300 ರೂಪಾಯಿ ಟೈಮರ್ ನೋಡಿಕೊಳ್ಳುತ್ತೆ. ಕಿಟಕಿ ಕಡೆಯ ಗಾಜಿಗೆ ಥರ್ಮಾಕೋಲ್. ಬೇಸಿಗೆಯಲ್ಲಿ ನೀರಿನ ಮೇಲೆ ಎರಡು ಸಣ್ಣ ಫ್ಯಾನ್ ಓಡುತ್ತವೆ. ನಮ್ಮ ಒಣ ಹವೆಗೆ ಮೂರು ಡಿಗ್ರಿಯಷ್ಟು ಇಳಿಯುತ್ತೆ. ಆದರೆ ನೀರು ಬೇಗ ಆರುತ್ತೆ, ಉಪ್ಪಿನಂಶ ಉಳಿಯುತ್ತೆ. ಹಾಗಾಗಿ ಆರಿದಷ್ಟಕ್ಕೆ ಉಪ್ಪಿನಂಶ ಕಮ್ಮಿ ಇರುವ, ಕುಡಿಯುವ ನೀರಿನ ಘಟಕದ ಕ್ಯಾನ್ ನೀರು, ವಾರದ ಬದಲಾವಣೆಗೆ ಮಾತ್ರ ಬೋರ್ ನೀರು. ಕರೆಂಟ್ ಹೋದರೆ ಬ್ಯಾಟರಿ ಏರ್ ಪಂಪ್ ಬೇಕೇ ಬೇಕು. ಬಿಸಿ ನೀರಲ್ಲಿ ಆಮ್ಲಜನಕ ಮೊದಲೇ ಕಮ್ಮಿ, ರಾತ್ರಿ ಗಿಡಗಳೂ ಅದನ್ನೇ ಎಳೆಯುತ್ತವೆ.

ಕಪ್ಪು ಪಾಚಿಗೆ ಅದನ್ನು ತಿನ್ನುವ ಸಯಾಮೀಸ್ ಆಲ್ಗೆ ಈಟರ್ ಮೀನು ತಂದೆ. ಈ ಹೆಸರಲ್ಲಿ ಬೇರೆ ಮೀನು ಕೊಡುವುದೇ ಜಾಸ್ತಿ, ನೋಡಿ ತನ್ನಿ. ಮೈಮೇಲಿನ ಕಪ್ಪು ಗೆರೆ ಬಾಲದ ಕವಲಿನವರೆಗೂ ಹೋಗಿರಬೇಕು, ರೆಕ್ಕೆಗೆ ಬಣ್ಣ ಇರಬಾರದು. ಬಾಯಿಂದ ಗಾಜಿಗೆ ಅಂಟಿಕೊಂಡು ನಿಂತರೆ ಅದು ಚೈನೀಸ್ ಆಲ್ಗೆ ಈಟರ್. ದೊಡ್ಡದಾದ ಮೇಲೆ ಬೇರೆ ಮೀನಿನ ಮೈ ಹೀರುತ್ತೆ. ನನ್ನ ಎರಡು ಮೀನು ಅನೂಬಿಯಾಸ್ ಗಿಡದ ಎಲೆಯಂಚಿನ ಕಪ್ಪು ಪಾಚಿಯನ್ನು ಎಳೆ ಎಳೆಯಾಗಿ ಕಿತ್ತು ತಿಂದವು. ಹೊಟ್ಟೆ ತುಂಬ ಕಾಳು ಹಾಕಿದರೆ ಇವೂ ಸೋಮಾರಿಗಳೇ. ಅದಕ್ಕೆ ವಾರಕ್ಕೆ ಎರಡು ದಿನ ಉಪವಾಸ.

ನಡುವೆ ಮನಿ ಪ್ಲಾಂಟ್ ಬೇರನ್ನು ಫಿಲ್ಟರ್ ಬಾಯಲ್ಲಿ ಇಳಿಬಿಟ್ಟು ನೋಡಿದೆ. ಬಳ್ಳಿ ಕಪಾಟಿನ ಮೇಲೆ ಹತ್ತಿದೆ, ಮೀನಿನ ಗಲೀಜಿನಿಂದ ಬಂದು ಪಾಚಿಗೆ ಗೊಬ್ಬರವಾಗುವ ನೈಟ್ರೇಟ್ ಟೆಸ್ಟ್‌ನ ಬಣ್ಣವೂ ತಿಳಿಯಾಯಿತು, ಅಂದರೆ ಅದು ಕಮ್ಮಿಯಾಗಿದೆ.

ಗಾಜು ಬಿಟ್ಟು ಈ ಟ್ಯಾಂಕ್‌ಗೆ ಐದು ಸಾವಿರದೊಳಗೇ ಮುಗಿದಿದೆ. ಮುಂದಿನ ಗಾಜಿನ ಮೇಲೆ ಚುಕ್ಕಿ ಪಾಚಿ ಈಗಲೂ ಬರುತ್ತೆ, ಹಳೇ ಎಟಿಎಂ ಕಾರ್ಡ್‌ನಿಂದ ಹೆರೆಯುತ್ತೇನೆ. ಹಿಂದಿನ ಗಾಜು ಮುಟ್ಟಲ್ಲ. ಅಲ್ಲಿನ ಮೆತ್ತನೆ ಪಾಚಿ ಮೊಲ್ಲಿಗಳ ಮೇವು.