ಶಾಂಪೂವಿನ ಘಮವನ್ನು ನೆತ್ತಿಯಿಂದ ಕೆಳಗಿಳಿಸಿದ ನನ್ನ ಅನುಭವ

ಪರಿಮಳ ಶೇಕಡಾ ಒಂದಕ್ಕಿಂತ ಕಡಿಮೆಯಾದರೆ ಶಾಂಪೂ ಅಂಗಡಿಯ ಕಪಾಟಿನಿಂದ ಕದಲುವುದಿಲ್ಲ ಎಂದು ನಮ್ಮ ಕಸುಬಿನವರೆಲ್ಲ ಹೇಳುತ್ತಾರೆ. ದಾವಣಗೆರೆಯ ಏಜೆಂಟರು ಹೇಳಿದರು, ಹುಬ್ಬಳ್ಳಿಯ ಸಗಟು ವ್ಯಾಪಾರಿಗಳು ಹೇಳಿದರು, ಶಿವಮೊಗ್ಗದಲ್ಲಿ ನನ್ನ ಹಾಗೆಯೇ ಸಣ್ಣ ಘಟಕ ನಡೆಸುವ ಗೆಳೆಯರೂ ಹೇಳಿದರು. ಗಿರಾಕಿ ಮೊದಲು ಮುಚ್ಚಳ ತೆಗೆದು ಮೂಸುತ್ತಾರೆ, ಆಮೇಲೆ ಬೆಲೆ ಕೇಳುತ್ತಾರೆ ಎಂಬುದು ಅವರ ವಾದ. ಮೂಸುವುದು ನಿಜ. ಆದರೆ ನನ್ನ ಶಾಂಪೂವಿನಲ್ಲಿ ಈಗ ಪರಿಮಳ ಇರುವುದು ಶೇಕಡಾ 0.3ರ ಆಸುಪಾಸು. ಎರಡು ವರ್ಷದಿಂದ ಹಾಗೆಯೇ ಇದೆ. ಮಾರಾಟ ಇಳಿದಿಲ್ಲ, ಮರಳಿ ಕೊಳ್ಳುವವರು ಸುಮಾರು ಒಂದೂವರೆ ಪಟ್ಟಾಗಿದ್ದಾರೆ. ತಲೆಗೆ ನೀರು ಹಾಕಿಕೊಂಡ ಮರುದಿನವೂ ಜಡೆಯಲ್ಲಿ ಲಾವಂಚದ ಘಮ ನಿಲ್ಲುತ್ತದೆ. ಇದು ಆಗದು ಎಂದವರೇ ಈಗ ಮಾದರಿ ಬಾಟಲಿ ಕೇಳುತ್ತಿರುವುದರಿಂದ ಬರೆಯುತ್ತಿದ್ದೇನೆ.

ಶುರುವಾದದ್ದು ನವೆಯ ದೂರುಗಳಿಂದ. ಆಗ ನಾನೂ ಎಲ್ಲರಂತೆ ಶೇಕಡಾ ಒಂದರಷ್ಟು ಮಲ್ಲಿಗೆ ಪರಿಮಳ ಹಾಕುತ್ತಿದ್ದೆ. ದೂರು ಹೇಳಿದವರಲ್ಲಿ ಹೆಚ್ಚಿನವರಿಗೆ ನವೆ ಇದ್ದದ್ದು ನೆತ್ತಿಯಲ್ಲಲ್ಲ. ಕಿವಿಯ ಹಿಂದೆ, ಕತ್ತಿನ ಬದಿಯಲ್ಲಿ, ಕೆಲವರಿಗೆ ಕಣ್ಣಿನ ರೆಪ್ಪೆಯ ಮೇಲೆ. ಹಾಗಾಗಿ ಶಾಂಪೂವಿನ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ, ಸೋಪನ್ನೋ ಕಾಡಿಗೆಯನ್ನೋ ಬೈಯುತ್ತಾರೆ. ನೊರೆ ಹರಿದು ಇಳಿಯುವ ದಾರಿಯನ್ನು ನೋಡಿ. ನೆತ್ತಿಯ ಚರ್ಮ ಗಟ್ಟಿ, ಅದು ತಡೆದುಕೊಳ್ಳುತ್ತದೆ; ರೆಪ್ಪೆಯ ಚರ್ಮ ತೆಳು, ಅದು ತಡೆಯುವುದಿಲ್ಲ. ಒಬ್ಬ ಗಿರಾಕಿ ಚರ್ಮವೈದ್ಯರ ಬಳಿ ಹೋಗಿ ಬೆನ್ನಿಗೆ ಅಲರ್ಜಿ ಪರೀಕ್ಷೆಯ ಪ್ಯಾಚ್ ಅಂಟಿಸಿಕೊಂಡು ಎರಡು ದಿನ ಇಟ್ಟುಕೊಂಡು ಬಂದರು. ಪರೀಕ್ಷೆಗೆಂದೇ ಬಳಸುವ ಪರಿಮಳ ಮಿಶ್ರಣದ ಜಾಗದಲ್ಲಿ ಕೆಂಪು ಗುಳ್ಳೆ ಎದ್ದಿತ್ತು. ಆ ಮಿಶ್ರಣದಲ್ಲಿರುವ ಎಂಟು ವಸ್ತುಗಳಲ್ಲಿ ಜೆರಾನಿಯಾಲ್, ಯೂಜೆನಾಲ್, ಹೈಡ್ರಾಕ್ಸಿಸಿಟ್ರೊನೆಲಾಲ್ ಸೇರಿವೆ. ನನ್ನ ಮಲ್ಲಿಗೆ ಪರಿಮಳದ ಅಲರ್ಜಿ ಪಟ್ಟಿಯನ್ನು ಸರಬರಾಜುದಾರರಿಂದ ಬರೆಸಿಕೊಂಡಾಗ ಈ ಮೂರೂ ಅದರಲ್ಲಿದ್ದವು.

ಎಲ್ಲ ನವೆಗೂ ಪರಿಮಳವೇ ಕಾರಣ ಎಂದು ನಾನು ಹೇಳುವುದಿಲ್ಲ. ದೂರು ಬಂದಾಗ ನಾನು ಮೊದಲು ಕೇಳುವುದು ಕೂದಲಿಗೆ ಕಪ್ಪು ಬಣ್ಣ ಹಚ್ಚುತ್ತೀರಾ ಎಂದು. ಬಣ್ಣದಲ್ಲಿರುವ ಪಿಪಿಡಿ ಎಂಬ ರಾಸಾಯನಿಕ ಇದಕ್ಕಿಂತ ದೊಡ್ಡ ಕಳ್ಳ. ಎರಡನೆಯದಾಗಿ, ಶಾಂಪೂ ಕೆಡದಂತೆ ಹಾಕುವ ಎಂಐಟಿಯನ್ನು ನೋಡಬೇಕು. ನಾನು ಅದನ್ನು ಬಿಟ್ಟು ಸೋಡಿಯಂ ಬೆಂಜೋಯೇಟ್‌ಗೆ ಬಂದು ಪಿಎಚ್ 5ರ ಹತ್ತಿರ ಇಟ್ಟೆ. ಇವೆರಡನ್ನೂ ಬದಿಗಿಟ್ಟ ಮೇಲೂ ದೂರು ನಿಲ್ಲಲಿಲ್ಲ. ಆಗಲೇ ಘಮಕ್ಕೆ ಕೈ ಹಾಕಿದ್ದು.

ಹಣದ ಲೆಕ್ಕವೂ ಅದೇ ಕಡೆಗೆ ಬೆರಳು ತೋರಿಸುತ್ತಿತ್ತು. ಆಗ ಕಿಲೋಗೆ ಸುಮಾರು ಎರಡು ಸಾವಿರದ ಪರಿಮಳ, ಅಂದರೆ ಲೀಟರಿಗೆ ಇಪ್ಪತ್ತು ರೂಪಾಯಿ. ಅದೇ ಲೀಟರಿಗೆ ನೊರೆ ಬರಿಸಿ ತೊಳೆಯುವ ಎಸ್‌ಎಲ್‌ಇಎಸ್ ಬೀಳುತ್ತಿದ್ದದ್ದೂ ಹೆಚ್ಚು ಕಡಿಮೆ ಅಷ್ಟೇ. ತಲೆ ತೊಳೆಯುವ ವಸ್ತುವಿಗೆ ಕೊಡುವಷ್ಟೇ ಹಣವನ್ನು ಚರಂಡಿಗೆ ಹರಿದುಹೋಗುವ ಘಮಕ್ಕೆ ಕೊಡುತ್ತಿದ್ದೆ. ಅದರ ಮೇಲೆ, ಒಬ್ಬ ಸರಬರಾಜುದಾರ ಕೊಟ್ಟ ಡಬ್ಬದಲ್ಲಿ ಅರ್ಧಕ್ಕರ್ಧ ತೆಳುಕಾರಿ ದ್ರವವೇ ಇತ್ತು. ಅದನ್ನು ಕಂಡುಹಿಡಿಯುವ ಬಗೆ ಸುಲಭ: ಕಾಗದದ ಪಟ್ಟಿಗೆ ಒಂದು ಹನಿ ಹಾಕಿ, ತೂಕ ನೋಡಿ, ಫ್ಯಾನಿನ ಕೆಳಗೆ ಒಂದು ರಾತ್ರಿ ಇಡಿ. ಮರುದಿನ ಘಮವೇ ಇಲ್ಲದ ಜಿಡ್ಡು ಉಳಿದು, ತೂಕ ಇಳಿಯದೇ ಇದ್ದರೆ ಆ ವ್ಯಾಪಾರಿಯ ಜೊತೆ ಮಾತು ಮುಗಿಸಿ. ಆ ಸಲ ಹದಿನೈದು ಸಾವಿರದಷ್ಟು ಹೋಯಿತು.

ಇನ್ನು ಬೇಸ್‌ನ, ಅಂದರೆ ಪರಿಮಳ ಹಾಕುವ ಮೊದಲಿನ ಶಾಂಪೂ ದ್ರವದ ಕಥೆ. ಪರಿಮಳ ಹಾಕಿದೊಡನೆ ಜೇನಿನಂತಿದ್ದ ಬೇಸ್ ನೀರಾಗುವುದನ್ನು ನೀವೆಲ್ಲ ನೋಡಿದ್ದೀರಿ. ಉಪ್ಪು ಹಾಕುತ್ತೇವೆ, ಗಟ್ಟಿಯಾಗುತ್ತದೆ, ಇನ್ನೂ ಹಾಕುತ್ತೇವೆ, ಒಂದು ಹಂತ ದಾಟಿದ ಮೇಲೆ ಮತ್ತೆ ತೆಳ್ಳಗಾಗುತ್ತದೆ. ಘಮ ಕರಗಲೆಂದು ಪಾಲಿಸೋರ್ಬೇಟ್ 20 ಸುರಿದರೆ ಅದು ನೊರೆಯನ್ನೂ ತಿನ್ನುತ್ತದೆ, ದಪ್ಪವನ್ನೂ ತಿನ್ನುತ್ತದೆ. ಇಡೀ ಡ್ರಮ್ ಹೀಗೆ ಕೆಟ್ಟು, ನೆಲ ತೊಳೆಯಲು ಹೋದದ್ದೂ ಇದೆ. ಈಗ ನಾನು ಪಾಲಿಸೋರ್ಬೇಟ್ ಮುಟ್ಟುವುದಿಲ್ಲ. ನೀರು ಸೇರಿಸುವ ಮೊದಲೇ, ಗಟ್ಟಿ ಎಸ್‌ಎಲ್‌ಇಎಸ್‌ಗೆ ಪರಿಮಳ ಹಾಕಿ ನಿಧಾನವಾಗಿ ಕಲಸುತ್ತೇನೆ, ಆಮೇಲೆ ಬೀಟೇನ್ ಎಂಬ ಮೆದು ನೊರೆವಸ್ತು, ಆಮೇಲೆ ನೀರು. ಶೇಕಡಾ 0.3ರ ಮಟ್ಟದಲ್ಲಿ ಇದು ಕನ್ನಡಿಯಷ್ಟು ತಿಳಿಯಾಗಿ ಬರುತ್ತದೆ. ಉಪ್ಪು ಶೇಕಡಾ ಎರಡರಿಂದ ಒಂದೂಕಾಲಕ್ಕೆ ಇಳಿದಿದೆ.

ಹಾಗಾದರೆ ಘಮ ನಿಲ್ಲಿಸಿದ್ದು ಹೇಗೆ? ಕೂದಲು ಮತ್ತು ನೆತ್ತಿ ಎರಡನ್ನೂ ಒಂದೇ ಎಂದು ನೋಡುವುದನ್ನು ನಿಲ್ಲಿಸಿದೆ. ನೆತ್ತಿ ಜೀವವಿರುವ ಚರ್ಮ. ಅದಕ್ಕೆ ಬೇಕಾದದ್ದು ಜಿಡ್ಡು, ಬೆವರು, ಹೊಟ್ಟು ಹೋಗುವುದು, ಅಷ್ಟೇ. ಕೂದಲಿನ ಎಳೆ ಸತ್ತ ವಸ್ತು, ಅದಕ್ಕೆ ನವೆಯಾಗುವುದಿಲ್ಲ. ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುವ ಕೂದಲು ಸೊಂಟ ಮುಟ್ಟಿದ್ದರೆ ಅದರ ತುದಿಗೆ ಐದಾರು ವರ್ಷ ವಯಸ್ಸು. ಬಿಸಿಲು, ಬಾಚಣಿಗೆ, ಸೀಗೆಪುಡಿ ಎಲ್ಲವನ್ನೂ ಕಂಡ ಆ ತುದಿ ಸವೆದಿರುತ್ತದೆ, ಸವೆದಷ್ಟೂ ಋಣ ವಿದ್ಯುದಂಶ ಹೆಚ್ಚು. ಕಂಡೀಷನರ್‌ನಲ್ಲಿರುವ ಸೆಟ್ರಿಮೋನಿಯಂ ಕ್ಲೋರೈಡ್ ಧನ ಅಂಶದ್ದು. ಎರಡೂ ಅಂಟಿಕೊಳ್ಳುತ್ತವೆ, ಜೊತೆಗೆ ಘಮದ ಎಣ್ಣೆಯನ್ನೂ ಎಳೆಗೆ ಅಂಟಿಸುತ್ತವೆ. ಆದ್ದರಿಂದ ಘಮದ ಮುಖ್ಯ ಪಾಲನ್ನು ಕಂಡೀಷನರ್‌ಗೆ ಸಾಗಿಸಿ, ಅಲ್ಲಿ ಶೇಕಡಾ 0.6ರ ಸುಮಾರಿಗೆ ಇಟ್ಟೆ. ಬಾಟಲಿಯ ಮುಂಭಾಗದಲ್ಲೇ ದಪ್ಪಕ್ಷರದಲ್ಲಿ ‘ಕಿವಿಯಿಂದ ಕೆಳಗೆ ಮಾತ್ರ’ ಎಂದು ಮುದ್ರಿಸಿದೆ. ಎರಡನ್ನೂ ಜೋಡಿಯಾಗಿಯೇ ಮಾರುತ್ತೇನೆ.

ಎರಡನೆಯ ಬದಲಾವಣೆ ಘಮದ ಜಾತಿಯಲ್ಲಿ. ನಿಂಬೆ, ಕಿತ್ತಳೆಯಂಥ ಹಗುರ ಘಮಗಳು ಬಾಟಲಿ ಮೂಸುವಾಗ ಮೂಗಿಗೆ ಹಬ್ಬ, ಆದರೆ ಟವೆಲ್ ಸುತ್ತುವಷ್ಟರಲ್ಲಿ ಹಾರಿಹೋಗಿರುತ್ತವೆ. ಲಾವಂಚ, ಗಂಧದ ಜಾತಿಯ ಘಮ, ಕಸ್ತೂರಿ ಜಾತಿಯ ಕೃತಕ ಘಮ, ಇವು ಭಾರ. ನೀರಿಗಿಂತ ಕೂದಲನ್ನೇ ಹೆಚ್ಚು ಇಷ್ಟಪಡುತ್ತವೆ. ಲಾವಂಚದ ಎಣ್ಣೆ ಕಿಲೋಗೆ ಇಪ್ಪತ್ತು-ಮೂವತ್ತು ಸಾವಿರ ಇದ್ದರೂ ಪರಿಮಳದ ಮಿಶ್ರಣದಲ್ಲಿ ಸ್ವಲ್ಪವೇ ಸಾಕು. ನನ್ನ ಮಿಶ್ರಣ ಕಿಲೋಗೆ ಐದು ಸಾವಿರದ ಹತ್ತಿರ ಬೀಳುತ್ತದೆ, 0.3ರ ಲೆಕ್ಕದಲ್ಲಿ ಶಾಂಪೂವಿಗೆ ಲೀಟರಿಗೆ ಹದಿನೈದು ರೂಪಾಯಿ. ಹಳೆಯ ಇಪ್ಪತ್ತಕ್ಕಿಂತ ಅಗ್ಗವೇ. ಬಾಟಲಿ ಮೂಸುವವರಿಗಾಗಿ, ಮೂಗಿಗೆ ಮೊದಲು ತಾಗುವ ಮೇಲ್ಪದರದಲ್ಲಿ ಒಂದು ಹಗುರ ಘಮ ಇಟ್ಟಿದ್ದೇನೆ. ಅದು ಯಾವುದು, ಲಾವಂಚದ ಮಣ್ಣಿನ ಒರಟುತನವನ್ನು ಯಾವುದರಿಂದ ತಗ್ಗಿಸಿದೆ ಎಂಬೆರಡನ್ನು ಇಲ್ಲಿ ಬರೆಯುವುದಿಲ್ಲ. ಅನ್ನ ತಿನ್ನುವುದು ಅದರಿಂದ.

ಪರೀಕ್ಷೆಗೆ ನಾನು ಬಳಸುವುದು ಚೌರಿ. ದೇವಸ್ಥಾನದ ಬೀದಿಯಲ್ಲಿ ಮಾರುವ ನೈಲಾನ್ ಚೌರಿ ಬೇಡ, ಅದು ಘಮ ಹಿಡಿಯುವ ರೀತಿಯೇ ಬೇರೆ. ನಿಜವಾದ ಕೂದಲಿನದೇ ಆಗಬೇಕು. ಬೆರಳ ದಪ್ಪದ್ದಕ್ಕೆ ಐದಾರು ನೂರು ಕೊಡಬೇಕಾಗುತ್ತದೆ. ಅದಕ್ಕೆ ಹಿಂದಿನ ರಾತ್ರಿಯೇ ಕೊಬ್ಬರಿ ಎಣ್ಣೆ ಹಚ್ಚಿಡುತ್ತೇನೆ, ಯಾಕೆಂದರೆ ನಮ್ಮ ಗಿರಾಕಿಗಳು ಹಚ್ಚುತ್ತಾರೆ. ಬೆಳಿಗ್ಗೆ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ನೆರಳಿನಲ್ಲಿ ದಾರಕ್ಕೆ ನೇತುಹಾಕಿ, ಒದ್ದೆಯಿದ್ದಾಗ ಒಮ್ಮೆ, ಮಧ್ಯಾಹ್ನ ಒಮ್ಮೆ, ಮರುದಿನ ಒಮ್ಮೆ ಮೂಸುತ್ತೇನೆ. ಮೂರನೆಯ ಸಲ ಮೂಸುವ ಮೊದಲು ಚೌರಿಯ ಮೇಲೆ ನೀರಿನ ತುಂತುರು ಹೊಡೆಯಬೇಕು. ಒಣಗಿದಾಗ ಸತ್ತಂತಿದ್ದ ಲಾವಂಚ ತೇವ ತಗುಲಿದೊಡನೆ ಎದ್ದು ಬರುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಈ ಜೋಡಿ ಚೆನ್ನಾಗಿ ಓಡುವುದಕ್ಕೆ ಇದೇ ಕಾರಣ. ಎಣ್ಣೆ ಸರಿಯಾಗಿ ಹೋಗದೆ ಉಳಿದರೆ ಮೂರನೆಯ ದಿನ ಕಮಟು ಹೊಡೆಯುತ್ತದೆ, ಯಾವ ಘಮವೂ ಆ ಕಮಟನ್ನು ಮುಚ್ಚುವುದಿಲ್ಲ. ತೊಳೆಯುವ ಶಕ್ತಿ ಸಾಲದ ಶಾಂಪೂವಿಗೆ ಘಮ ಹೆಚ್ಚಿಸಿ ಪ್ರಯೋಜನವಿಲ್ಲ ಎಂದು ನನಗೆ ಖಾತ್ರಿಯಾದದ್ದು ಈ ಚೌರಿಗಳಿಂದಲೇ.

ನಡುವೆ ಬೇರೆ ಕೆಲವನ್ನೂ ಮಾಡಿ ನೋಡಿದೆ. ನಮ್ಮ ಮನೆಗಳಲ್ಲಿ ತಲೆ ತೊಳೆದ ಮೇಲೆ ಸಾಂಬ್ರಾಣಿ ಹೊಗೆಯ ಮೇಲೆ ಕೂದಲು ಹರಡಿ ಆರಿಸುವುದುಂಟಲ್ಲ, ಆ ಘಮ ಬಾಟಲಿಗೆ ಬಂದರೆ ಎಂಬ ಆಸೆಯಿಂದ ಸಾಂಬ್ರಾಣಿಯನ್ನು ಮದ್ಯಸಾರದಲ್ಲಿ ನೆನೆಸಿ ಸೋಸಿ ಕಂಡೀಷನರ್‌ಗೆ ಹಾಕಿದೆ. ಘಮ ಅದ್ಭುತ. ಒಂದೆರಡು ತಿಂಗಳಲ್ಲಿ ಬಿಳಿ ಕಂಡೀಷನರ್ ಕಂದು ಬಣ್ಣಕ್ಕೆ ತಿರುಗಿತು. ರಾಳಗಳಲ್ಲೂ ಅಲರ್ಜಿಯ ಅಪಾಯವಿದೆ, ಆದ್ದರಿಂದ ಕೈಬಿಟ್ಟೆ. ದವನದ ಎಣ್ಣೆಯನ್ನೂ ಹಾಕಿ ನೋಡಿದೆ. ಅದು ಒಬ್ಬರ ಕೂದಲಲ್ಲಿ ಹಣ್ಣಿನಂತೆ, ಇನ್ನೊಬ್ಬರ ಕೂದಲಲ್ಲಿ ಮದ್ದಿನಂತೆ ಬಂತು. ಅದರ ಕೆಲಸ ಇನ್ನೂ ನಡೆಯುತ್ತಿದೆ.

ತಲೆಹೊಟ್ಟಿಗೆ ಟೀ ಟ್ರೀ ಎಣ್ಣೆ ಹಾಕಿ ಎಂದು ಕೇಳುವವರು ಬಹಳ. 2002ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ನಾಲ್ಕು ವಾರದಲ್ಲಿ ಹೊಟ್ಟು ಶೇಕಡಾ 41ರಷ್ಟು ಸುಧಾರಿಸಿದ್ದು ನಿಜ, ಆದರೆ ಅಲ್ಲಿ ಬಳಸಿದ್ದು ಶೇಕಡಾ 5. ನಮ್ಮವರು ಘಮಕ್ಕೆಂದು ಹಾಕುವ ಶೇಕಡಾ ಕಾಲರಷ್ಟರಿಂದ ಹೊಟ್ಟು ಅಲುಗುವುದಿಲ್ಲ, 5ಕ್ಕೆ ಏರಿಸಿದರೆ ಆಸ್ಪತ್ರೆಯ ವಾಸನೆ. ಗಂಧ ಕೂದಲು ಬೆಳೆಸುತ್ತದೆ ಎಂಬ ಮಾತೂ ಹಾಗೆಯೇ. 2018ರಲ್ಲಿ ವಿಜ್ಞಾನಿಗಳು ಸ್ಯಾಂಡಲೋರ್ ಎಂಬ ಕೃತಕ ಗಂಧದ ಘಮವನ್ನು ಕೂದಲ ಬುಡಗಳ ಮೇಲೆ ಪ್ರಯೋಗಿಸಿ, ಬೆಳವಣಿಗೆಯ ಹಂತ ಉದ್ದವಾಗುವುದನ್ನು ಕಂಡರು. ಅದು ದೇಹದಿಂದ ಹೊರತೆಗೆದು ಪ್ರಯೋಗಾಲಯದ ತಟ್ಟೆಯಲ್ಲಿಟ್ಟ ಬುಡಗಳ ಮೇಲೆ. ಎರಡು ನಿಮಿಷದಲ್ಲಿ ತೊಳೆದುಹೋಗುವ ಶಾಂಪೂವಿಗೆ ಆ ಮಾತು ಅಂಟಿಸಲು ನನಗೆ ಮನಸ್ಸಿಲ್ಲ. ನನ್ನ ಲೇಬಲ್‌ನಲ್ಲಿ ಅಂಥ ಒಂದು ಸಾಲೂ ಇಲ್ಲ.

ಒಂದು ಎಚ್ಚರಿಕೆಯನ್ನು ಮಾತ್ರ ಒತ್ತಿ ಹೇಳುತ್ತೇನೆ. ನಿಂಬೆಯ ಲಿಮೋನೀನ್, ಲ್ಯಾವೆಂಡರ್‌ನ ಲಿನಾಲೂಲ್ ಹೊಸದಿದ್ದಾಗ ಸಾಧು. ಅರ್ಧ ಖಾಲಿಯಾದ ಡಬ್ಬದಲ್ಲಿ ಗಾಳಿ ತಗುಲಿ ಆಕ್ಸಿಡೀಕರಣವಾದರೆ ಅವೇ ಚರ್ಮಕ್ಕೆ ಅಲರ್ಜಿ ತರುತ್ತವೆ. ನೈಸರ್ಗಿಕ ಎಣ್ಣೆ ಎಂಬ ಧೈರ್ಯದಲ್ಲಿ ಹಳೆಯ ಎಣ್ಣೆ ಸುರಿಯುವವರು ನಮ್ಮಲ್ಲಿ ಬಹಳ. ಐದು ಕಿಲೋ ಡಬ್ಬ ಅಗ್ಗವೆಂದು ತಂದರೂ ಅದೇ ದಿನ ಸಣ್ಣ ಕಂದು ಬಾಟಲಿಗಳಿಗೆ ಕಂಠದವರೆಗೆ ತುಂಬಿ ಫ್ರಿಜ್‌ನಲ್ಲಿಡಿ, ಆಕ್ಸಿಡೀಕರಣ ತಡೆಯುವ ಬಿಎಚ್‌ಟಿ ಚಿಟಿಕೆ ಹಾಕಿ, ಮುಚ್ಚಳಕ್ಕೆ ತಾರೀಕು ಬರೆಯಿರಿ. ಐರೋಪ್ಯ ಒಕ್ಕೂಟದಲ್ಲಿ ತೊಳೆದುಹೋಗುವ ಉತ್ಪನ್ನಗಳಲ್ಲಿ ಇಂಥ ವಸ್ತು ಶೇಕಡಾ 0.01 ದಾಟಿದರೆ ಲೇಬಲ್‌ನಲ್ಲಿ ಹೆಸರು ಬರೆಯಬೇಕು. ಹೀಗೆ ಹೆಸರು ಬರೆಯಬೇಕಾದ 26 ವಸ್ತುಗಳಿದ್ದ ಪಟ್ಟಿಯನ್ನು 2023ರಲ್ಲಿ 80 ದಾಟಿಸಿದರು. ನಾನು ಶಿವಮೊಗ್ಗದಲ್ಲಿ ಮಾರಿದರೂ ಹೆಸರು ಬರೆಯುತ್ತೇನೆ. ಯಾವುದು ಆಗದೆಂದು ಗೊತ್ತಿರುವವರು ಓದಿ ಪಕ್ಕಕ್ಕಿಡಲಿ.

ಈಗ ಏಜೆಂಟರ ಬೇಡಿಕೆ ಸ್ಯಾಷೆಯದು. ಕೊಡಬಹುದು, ಆದರೆ ಸ್ಯಾಷೆಯ ಒಳಪದರದ ಪಾಲಿಥಿನ್ ಘಮವನ್ನು ಹೀರಿಕೊಳ್ಳುತ್ತದೆ. ಶೇಕಡಾ ಒಂದು ಇದ್ದವರಿಗೆ ಅದು ಗೊತ್ತಾಗದು, 0.3 ಇಟ್ಟ ನನಗೆ ಗೊತ್ತಾಗುತ್ತದೆ. ಮಾದರಿಗೆ ತುಂಬಿಸಿದ ಸ್ಯಾಷೆಗಳಲ್ಲಿ ಮೂರು ತಿಂಗಳಿಗೇ ಮೇಲ್ಪದರದ ಘಮ ಮಾಯವಾಗಿತ್ತು. ಬೇರೆ ಒಳಪದರದ ಲ್ಯಾಮಿನೇಟ್ ತರಿಸಿದ್ದೇನೆ, ರೋಲ್‌ಗೆ ಸುಮಾರು ಮೂರನೇ ಒಂದು ಭಾಗ ದುಬಾರಿ. ಅದರ ಫಲಿತಾಂಶ ಬರುವ ತನಕ 100 ಮತ್ತು 200 ಮಿಲಿಯ ಬಾಟಲಿ ಜೋಡಿ ಮಾತ್ರ ಕೊಡುತ್ತಿದ್ದೇನೆ.