ಬೀಡಿನ ಕಾವಲಿಯಿಂದ ನೀರುದೋಸೆ ಏಳಬೇಕೆಂದರೆ

ಮಂಗಳೂರಿನ ಎಷ್ಟೋ ಮನೆಗಳಿಗೆ ಈಗ ಬೀಡಿನ, ಅಂದರೆ ಎರಕದ ಕಬ್ಬಿಣದ, ಕಾವಲಿ ವಾಪಸ್ ಬರುತ್ತಿದೆ. ನನಗಂತೂ ತುಂಬಾ ಖುಷಿ. ಆದರೆ ಹಾಗೆ ಬಂದ ಕಾವಲಿಗಳಲ್ಲಿ ಕೆಲವು ಹದಿನೈದು ದಿನದೊಳಗೆ ಅಟ್ಟ ಸೇರುತ್ತವೆ. ತಂದ ಮರುದಿನವೇ ಅದರ ಮೇಲೆ ನೀರುದೋಸೆ ಹುಯ್ಯುತ್ತಾರೆ, ದೋಸೆ ಏಳುವುದಿಲ್ಲ, ಕೆರೆದು ಕೆರೆದು ಸಾಕಾಗಿ ನಾನ್‌ಸ್ಟಿಕ್ಕಿಗೆ ಮರಳುತ್ತಾರೆ. ನಾನು ಬಿಜೈಯಲ್ಲಿರುವವಳು. ಬೆಳಿಗ್ಗೆ ಅಕ್ಕಪಕ್ಕದ ಕೆಲವು ಮನೆಗಳಿಗೆ ನೀರುದೋಸೆ ಮಾಡಿ ಕೊಡುತ್ತೇನೆ, ಅದೂ ಬೀಡಿನ ಕಾವಲಿಯಲ್ಲೇ. ಕಾವಲಿ ಹಟ ಮಾಡುವುದಿಲ್ಲ. ಅದಕ್ಕೆ ಬೇಕಾದ ಎಣ್ಣೆ ಯಾವುದು, ಯಾವ ದೋಸೆ ಮೊದಲು, ಯಾವುದು ಆಮೇಲೆ ಎಂದು ಗೊತ್ತಿದ್ದರೆ ಆಯ್ತು.

ಮೊದಲು ಅಂಗಡಿಯಲ್ಲಿ ನೋಡಬೇಕಾದ್ದು. ರಥಬೀದಿ ಕಡೆಯ ಪಾತ್ರೆ ಅಂಗಡಿಗೆ ಹೋದರೆ ಕಾವಲಿಯನ್ನು ಕೈಯಲ್ಲಿ ಎತ್ತಿ, ಬೆರಳ ಗೆಣ್ಣಿನಿಂದ ಬಡಿದು ನೋಡಿ. ಠಣ್ ಎಂದು ದನಿ ಎಳೆದುಕೊಂಡು ಹೋಗಬೇಕು. ದನಿ ಬೊದ್ದಾಗಿ ಅಲ್ಲೇ ಸತ್ತರೆ ಒಳಗೆ ಬಿರುಕು ಇರಬಹುದು, ಬೇರೆ ತೆಗೆಸಿ. ಆಮೇಲೆ ನೆಲದ ಮೇಲಿಟ್ಟು ಅಂಚನ್ನು ಒತ್ತಿ. ಅಲುಗಾಡಿದರೆ ತಳ ಸಮ ಇಲ್ಲ ಎಂದರ್ಥ. ಮೇಲ್ಮೈ ಸ್ವಲ್ಪ ತರಿತರಿ ಇದ್ದರೆ ಚಿಂತೆ ಬೇಡ. ಬೀಡನ್ನು ಮರಳಿನ ಅಚ್ಚಿಗೆ ಹುಯ್ದು ಮಾಡುತ್ತಾರೆ, ಆ ಮರಳಿನ ಗುರುತು ಅದು. ಬೆರಳಿಗೆ ಚುಚ್ಚುವಂಥ ಮುಳ್ಳು ಮಾತ್ರ ಇರಬಾರದು.

ಅಳತೆಯಲ್ಲಿ ಆಸೆ ಬೇಡ. ಮನೆಯ ಗ್ಯಾಸ್ ಒಲೆಗೆ 10 ಇಂಚು ಸಾಕು. 12 ಇಂಚಿನದು ನೋಡಲು ಚಂದ, ಆದರೆ ಉರಿ ಅಂಚಿನವರೆಗೆ ತಲುಪುವುದಿಲ್ಲ. ಅಲ್ಯೂಮಿನಿಯಂ ಹಾಗೆ ಬೀಡು ಶಾಖವನ್ನು ಬೇಗ ಹರಡುವುದಿಲ್ಲ. ನಡುವೆ ದೋಸೆ ಸೀದರೂ ಅಂಚಿನಲ್ಲಿ ಹಸಿ ಉಳಿಯುತ್ತದೆ. ಬೀಡಿನ ಗುಣ ಬೇರೆ: ಒಮ್ಮೆ ಕಾದ ಮೇಲೆ ಶಾಖವನ್ನು ಹಿಡಿದಿಟ್ಟುಕೊಳ್ಳುತ್ತದೆ. ನೀರುದೋಸೆಗೆ ಬೇಕಾದ್ದು ಇದೇ. ಒಂದು ಸೌಟು ತಣ್ಣನೆ ನೀರು ಹಿಟ್ಟು ಬಿದ್ದರೂ ಕಾವಲಿ ತಣಿಯಬಾರದು, ಅಲ್ವಾ?

ನಾನ್‌ಸ್ಟಿಕ್ ಬಗ್ಗೆ ಕೇಳುವವರಿಗೆ ಒಂದು ಮಾತು. ಆ ಲೇಪ ಸುಮಾರು 260 ಡಿಗ್ರಿ ಸೆಲ್ಸಿಯಸ್ ದಾಟಿದರೆ ಹಾಳಾಗಲು ಶುರುವಾಗುತ್ತದೆ. ದೊಡ್ಡ ಉರಿಯಲ್ಲಿ ಖಾಲಿ ಇಟ್ಟ ತೆಳು ಕಾವಲಿ ಕೆಲವೇ ನಿಮಿಷಗಳಲ್ಲಿ ಅಷ್ಟು ಬಿಸಿಯಾಗಬಹುದು. ನೀರುದೋಸೆ ಮಾಡುವವರು ದೋಸೆ ದೋಸೆಗೂ ಕಾವಲಿಯನ್ನು ಖಾಲಿ ಕಾಯಿಸುತ್ತಲೇ ಇರುತ್ತೇವೆ. ನನಗೆ ಬೀಡೇ ಸಮಾಧಾನ.

ಇನ್ನು ಪಳಗಿಸುವುದು, ಅಂದರೆ ದೋಸೆ ಹಿಡಿಯದ ಹಾಗೆ ಕಾವಲಿಯ ಮೇಲೆ ಎಣ್ಣೆಯ ಗಟ್ಟಿ ಪದರ ಕಟ್ಟಿಸುವುದು. ಹೊಸ ಕಾವಲಿಗೆ ತುಕ್ಕು ಹಿಡಿಯಬಾರದೆಂದು ಒಂದು ಲೇಪ ಹಚ್ಚಿರುತ್ತಾರೆ. ಪಾತ್ರೆ ಸೋಪು, ತೆಂಗಿನ ನಾರು ಹಾಕಿ ಚೆನ್ನಾಗಿ ಉಜ್ಜಿ, ಬಿಸಿನೀರಲ್ಲಿ ತೊಳೆಯಿರಿ. ನಮ್ಮಲ್ಲಿ ಗಂಜಿಯ ತೆಳಿಯಲ್ಲಿ ಎರಡು ಮೂರು ದಿನ ನೆನೆಸಿಡುವ ಪದ್ಧತಿ ಇದೆ. ಕುಚ್ಚಲಕ್ಕಿ ಬೇಯಿಸಿದ ತೆಳಿ ನಿಧಾನಕ್ಕೆ ಹುಳಿಯಾಗುತ್ತದೆ, ಆ ಹುಳಿಗೆ ಮೇಲಿನ ತುಕ್ಕಿನ ಪುಡಿ ಸಡಿಲವಾಗುತ್ತದೆ. ದಿನಕ್ಕೊಮ್ಮೆ ತೆಳಿ ಬದಲಿಸಿ, ಉಜ್ಜಿ ತೊಳೆಯಬೇಕು. ಒಳ್ಳೆಯ ಪದ್ಧತಿ. ಆದರೆ ಇದು ಬರೀ ತೊಳೆಯುವ ಕೆಲಸ. ತೆಳಿಯಲ್ಲಿ ನೆನೆಸಿದ ಮಾತ್ರಕ್ಕೆ ಕಾವಲಿ ಪಳಗುವುದಿಲ್ಲ. ಪಳಗಿಸುವುದು ಎಣ್ಣೆ ಮತ್ತು ಬೆಂಕಿ.

ಇಲ್ಲೇ ನಮ್ಮ ಕರಾವಳಿಯವರು ಎಡವುವುದು. ಕೈಗೆ ಸಿಗುವುದು ತೆಂಗಿನೆಣ್ಣೆ, ಅದನ್ನೇ ಬಳಿಯುತ್ತೇವೆ. ಕಾವಲಿಯ ಮೇಲೆ ಆ ಕಪ್ಪು ನುಣುಪು ಪದರ ಕಟ್ಟಬೇಕಾದರೆ ಎಣ್ಣೆ ಕಾದು, ಗಾಳಿಯ ಆಮ್ಲಜನಕದ ಜೊತೆ ಸೇರಿ, ಗಟ್ಟಿಯಾಗಿ ಕಬ್ಬಿಣಕ್ಕೆ ಅಂಟಬೇಕು. ಅಪರ್ಯಾಪ್ತ ಕೊಬ್ಬು ಜಾಸ್ತಿ ಇರುವ ಎಣ್ಣೆಗಳು ಹೀಗೆ ಗಟ್ಟಿಯಾಗುತ್ತವೆ. ತೆಂಗಿನೆಣ್ಣೆಯಲ್ಲಿ ಶೇಕಡಾ 90ರಷ್ಟು ಪರ್ಯಾಪ್ತ ಕೊಬ್ಬು. ಅದು ಕಾಯುತ್ತದೆ, ಹೊಗೆಯಾಡುತ್ತದೆ, ಆದರೆ ಪದರ ಸರಿಯಾಗಿ ಕಟ್ಟುವುದಿಲ್ಲ. ಹಾಗಾಗಿ ಪಳಗಿಸಲು ಸೂರ್ಯಕಾಂತಿ ಅಥವಾ ಸೋಯಾ ಎಣ್ಣೆ ತನ್ನಿ. ಎಳ್ಳೆಣ್ಣೆಯೂ ಆಗುತ್ತದೆ. ಅಗಸೆ ಎಣ್ಣೆ ಬೇಗ ಗಟ್ಟಿಯಾಗುತ್ತದೆ ನಿಜ, ಆದರೆ ಆ ಪದರ ಚಕ್ಕೆ ಏಳುವುದೂ ಬೇಗ. ದಿನಾ ಸಟ್ಟುಗ ಆಡುವ ದೋಸೆ ಕಾವಲಿಗೆ ನಾನು ಅದನ್ನು ಹೇಳುವುದಿಲ್ಲ.

ತೊಳೆದ ಕಾವಲಿಯನ್ನು ಸಣ್ಣ ಉರಿಯಲ್ಲಿಟ್ಟು ಪೂರ್ತಿ ಒಣಗಿಸಿ. ಕೈ ಬೆಚ್ಚಗಾಗುವಷ್ಟು ಬಿಸಿ ಇರುವಾಗ ಅರ್ಧ ಚಮಚ ಎಣ್ಣೆ ಹಾಕಿ, ಹಳೆ ಹತ್ತಿ ಬಟ್ಟೆಯಿಂದ ಮೇಲೆ, ಕೆಳಗೆ, ಹಿಡಿಗೆ ಎಲ್ಲ ಕಡೆ ಹಚ್ಚಿ. ಆಮೇಲೆ ಒಣ ಬಟ್ಟೆ ತೆಗೆದುಕೊಂಡು, ಹಚ್ಚಿದ್ದೆಲ್ಲ ತೆಗೆಯಲಿಕ್ಕೇ ಹೊರಟವರ ಹಾಗೆ ಒರೆಸಿ. ಕಣ್ಣಿಗೆ ಎಣ್ಣೆ ಕಾಣಿಸಲೇಬಾರದು. ಎಣ್ಣೆ ಜಾಸ್ತಿ ಉಳಿದರೆ ಅಂಟಂಟಾದ ಕಂದು ಕಲೆಗಳಾಗುತ್ತವೆ, ಆ ಕಲೆಯ ಮೇಲೇ ದೋಸೆ ಹಿಡಿಯುವುದು. ನನ್ನ ಅಕ್ಕನ ಮಗಳು ಬೆಂಗಳೂರಿನಿಂದ ಫೋನ್ ಮಾಡಿ, "ಚಿಕ್ಕಮ್ಮ, ಎಣ್ಣೆ ಚೆನ್ನಾಗಿ ಕುಡಿಸಿದ್ದೇನೆ, ಆದ್ರೂ ಜಿಗುಟು" ಅಂದಳು. ಕುಡಿಸಲಿಕ್ಕಿಲ್ಲ ಮಾರಾಯ್ತಿ, ಒರೆಸಬೇಕು ಎಂದು ಹೇಳಿದೆ. ಸೋಪು ಹಾಕಿ ಉಜ್ಜಿ, ಮತ್ತೆ ತೆಳ್ಳಗೆ ಹಚ್ಚಿ ಒರೆಸಿದ ಮೇಲೆ ಸರಿಹೋಯಿತು.

ಒರೆಸಿದ ಕಾವಲಿಯನ್ನು ನಡು ಉರಿಯಲ್ಲಿಡಿ. ಹೊಗೆ ಶುರುವಾಗುತ್ತದೆ. ಕಿಟಕಿ ತೆರೆದಿರಲಿ. ಒಂದೇ ಕಡೆ ಇಡದೆ ಆಗಾಗ ಸರಿಸುತ್ತ ತಿರುಗಿಸುತ್ತ ಅಂಚುಗಳಿಗೂ ಉರಿ ಕೊಡಿ. ಹೊಗೆ ತಾನಾಗಿ ನಿಂತ ಮೇಲೆ ಒಲೆ ಆರಿಸಿ, ಪೂರ್ತಿ ತಣಿಯಲು ಬಿಡಿ. ಮತ್ತೆ ಎಣ್ಣೆ, ಮತ್ತೆ ಒರೆಸು, ಮತ್ತೆ ಉರಿ. ಹೀಗೆ ನಾಲ್ಕೈದು ಸಲ. ಓವನ್ ಇದ್ದವರು 230ರಿಂದ 250 ಡಿಗ್ರಿಯಲ್ಲಿ ಒಂದು ಗಂಟೆ ಇಡಬಹುದು, ಎಲ್ಲ ಕಡೆ ಸಮವಾಗಿ ಆಗುತ್ತದೆ. ಬೂದು ಬಣ್ಣ ಹೋಗಿ ಕಂದುಗಪ್ಪು ಬಂದರೆ ಸಾಕು. ನುಣ್ಣನೆ ಕಪ್ಪು ಬರುವುದು ತಿಂಗಳುಗಟ್ಟಲೆ ದೋಸೆ ಹುಯ್ದ ಮೇಲೆ. ಪ್ರೀ ಸೀಸನ್ಡ್ (ಮೊದಲೇ ಪಳಗಿಸಿದ್ದು) ಎಂದು ಬರೆದದ್ದು ತಂದರೂ ಒಂದೆರಡು ಸಲ ಹೀಗೆ ಮಾಡಿ.

ಇಷ್ಟಾದರೂ ನೀರುದೋಸೆ ಇನ್ನೂ ದೂರ. ಮೊದಲ ದಿನ ಎರಡು ನೀರುಳ್ಳಿ ಹೆಚ್ಚಿ, ಎಣ್ಣೆ ಜಾಸ್ತಿ ಹಾಕಿ ಹುರಿಯಿರಿ. ಮರುದಿನದಿಂದ ಉದ್ದಿನ ದೋಸೆ, ಸ್ವಲ್ಪ ದಪ್ಪಕ್ಕೆ, ಸುತ್ತಲೂ ಎಣ್ಣೆ ಬಿಟ್ಟು. ಉದ್ದಿನ ಹಿಟ್ಟು ದಪ್ಪ, ಎಣ್ಣೆ ಬಿಟ್ಟರೆ ಸುಲಭಕ್ಕೆ ಏಳುತ್ತದೆ. ಚಪಾತಿ ಬೇಯಿಸಿದರೂ ತೊಂದರೆಯಿಲ್ಲ. ನೀರುದೋಸೆಯಲ್ಲಿರುವುದು ಮುಖ್ಯವಾಗಿ ಅಕ್ಕಿ ಮತ್ತು ನೀರು. ಹುದುಗು ಇಲ್ಲ, ಉದ್ದು ಇಲ್ಲ. ಪದರ ಎಲ್ಲಾದರೂ ಹರಿದಿದ್ದರೆ ಅಕ್ಕಿಯ ಗಂಜಿ ಅಲ್ಲೇ ಕಚ್ಚಿಕೊಳ್ಳುತ್ತದೆ. ಉದ್ದಿನ ದೋಸೆ ಸಟ್ಟುಗ ತಾಗಿಸುವ ಮೊದಲೇ ಅಂಚು ಬಿಡತೊಡಗಿದರೆ, ಆಗ ಅಕ್ಕಿ ನೆನೆಸಿ.

ನನ್ನ ಅಳತೆ: 2 ಲೋಟ ಬೆಳ್ತಿಗೆ ಅಕ್ಕಿ (ಕುಚ್ಚಲಲ್ಲದ ಬಿಳಿ ಅಕ್ಕಿ), ಅರ್ಧ ಲೋಟ ತೆಂಗಿನತುರಿ, ಉಪ್ಪು. ಹಳೆ ಅಕ್ಕಿ ಒಳ್ಳೆಯದು, ಹೊಸ ಅಕ್ಕಿ ಅಂಟು ಜಾಸ್ತಿ. 4 ಗಂಟೆ ನೆನೆಸಿ, ಬೆರಳ ನಡುವೆ ತಿಕ್ಕಿದರೆ ತರಿ ಸಿಗದಷ್ಟು ನುಣ್ಣಗೆ ಅರೆಯಿರಿ. ಅರೆಯುವ ನೀರೂ ಸೇರಿ ಒಟ್ಟು 5 ಲೋಟದಷ್ಟು ನೀರು ಬೇಕಾಗುತ್ತದೆ. ಹಿಟ್ಟು ಹಾಲಿನಷ್ಟು ತೆಳ್ಳಗಿರಬೇಕು. ಕಾಯಿ ಜಾಸ್ತಿ ಹಾಕಿದರೆ ದೋಸೆ ಮೆತ್ತಗಾಗುತ್ತದೆ ನಿಜ, ಆದರೆ ಎಬ್ಬುವಾಗ ಹರಿಯುತ್ತದೆ.

ಈಗ ಕಾವಲಿ. ನಡು ಉರಿಯಲ್ಲಿ ಏಳೆಂಟು ನಿಮಿಷ ಕಾಯಲಿ, ಅವಸರ ಬೇಡ. ಬಾಳೆಲೆಯ ದಂಟಿನ ತುದಿ ಜಜ್ಜಿದರೆ ನಾರು ಬಿಟ್ಟುಕೊಳ್ಳುತ್ತದೆ. ಅದನ್ನು ತೆಂಗಿನೆಣ್ಣೆಯಲ್ಲಿ ಅದ್ದಿ ಒಂದು ಸಲ ಸವರಿ. ಹೌದು, ಇಲ್ಲಿ ತೆಂಗಿನೆಣ್ಣೆಯೇ. ಪದರ ಕಟ್ಟುವ ಎಣ್ಣೆ ಬೇರೆ, ದೋಸೆಗೆ ಸವರುವ ಎಣ್ಣೆ ಬೇರೆ, ಪರಿಮಳ ಬರುವುದು ಇದರಿಂದ. ದಂಟು ಇಲ್ಲದಿದ್ದರೆ ಅರ್ಧ ನೀರುಳ್ಳಿ. ಎರಡು ಹನಿ ನೀರು ಚಿಮುಕಿಸಿ. ಚುಂಯ್ ಎಂದು ಅಲ್ಲೇ ಆವಿಯಾದರೆ ಹದ. ಹನಿಗಳು ಗೋಲಿಯಾಗಿ ಓಡಾಡಿದರೆ ಬಿಸಿ ಮಿತಿಮೀರಿದೆ, ಉರಿ ತಗ್ಗಿಸಿ. ಸದ್ದೇ ಇಲ್ಲದೆ ಕುಳಿತರೆ ಇನ್ನೂ ಕಾಯಬೇಕು.

ಪ್ರತಿ ಸಲವೂ ಹಿಟ್ಟನ್ನು ತಳದಿಂದ ಕಲಕಿ. ಅಕ್ಕಿ ಕೆಳಗೆ ಕೂರುತ್ತದೆ, ಕಲಕದಿದ್ದರೆ ಮೊದಲ ದೋಸೆ ಬರೀ ನೀರು, ಕೊನೆಯದು ರೊಟ್ಟಿ. ಒಂದು ಸೌಟು ತೆಗೆದು ಅಂಚಿನಿಂದ ಸುತ್ತುತ್ತ ನಡುವಿಗೆ ಬನ್ನಿ, ಕೈ ಸ್ವಲ್ಪ ಎತ್ತರದಲ್ಲಿರಲಿ. ಬಿದ್ದ ಕೂಡಲೇ ತೂತು ಬೀಳಬೇಕು. ಎಲ್ಲಾದರೂ ಖಾಲಿ ಉಳಿದರೆ ಒಂದು ಹನಿ ಹಾಕಿ ಮುಚ್ಚಿ, ಸೌಟಿನಿಂದ ಹರಡಲು ಹೋಗಬೇಡಿ. ಮುಚ್ಚಳ ಮುಚ್ಚಿ. ಒಂದು ನಿಮಿಷದೊಳಗೆ ಹಿಟ್ಟಿನ ಬಿಳಿ ಹೊಳಪು ಹೋಗಿ, ಅಂಚು ತಾನಾಗಿ ಮೇಲೇಳುತ್ತದೆ. ಮಗುಚುವುದು ಬೇಡ. ಅಲ್ಲೇ ನಾಲ್ಕು ಮಡಿಕೆ ಮಾಡಿ ತೆಗೆಯಿರಿ. ಬಿಸಿ ದೋಸೆಗಳನ್ನು ಒಂದರ ಮೇಲೊಂದು ಪೇರಿಸಿದರೆ ಅಂಟಿಕೊಳ್ಳುತ್ತವೆ, ಸ್ವಲ್ಪ ಆರಿದ ಮೇಲೆ ಪೇರಿಸಿ.

ಈ ಕಾವಲಿಯಲ್ಲಿ ಮಾಡಬಾರದ್ದೂ ಇದೆ. ಹುಣಸೆಹುಳಿ, ಪುನರ್ಪುಳಿ, ಟೊಮೆಟೊ ಹಾಕಿ ಕುದಿಸುವ ಯಾವುದೂ ಬೇಡ, ಹುಳಿ ಪದರವನ್ನು ತಿನ್ನುತ್ತದೆ. ಮೀನಿನ ಗಸಿಗೆ ಮಣ್ಣಿನ ಬಿಸಲೆ ಇರಲಿ. ಬಂಗುಡೆ ಕಾಯಿಸುವವರು ಅದಕ್ಕೇ ಇನ್ನೊಂದು ಕಾವಲಿ ಇಟ್ಟುಕೊಳ್ಳಿ. ಲಿಂಬೆರಸದ ಮಸಾಲೆ, ಮೀನಿನ ವಾಸನೆ ಎರಡೂ ದೋಸೆ ಕಾವಲಿಗೆ ಆಗಿಬರುವುದಿಲ್ಲ. ಬೀಡಿನಲ್ಲಿ ಮಾಡಿದರೆ ಕಬ್ಬಿಣಾಂಶ ಸಿಗುತ್ತದೆ ಎನ್ನುತ್ತಾರೆ. ಹುಳಿ ಇರುವ, ಹೆಚ್ಚು ಹೊತ್ತು ಬೇಯುವ ಅಡುಗೆಗೆ ಅದು ಜಾಸ್ತಿ ಇಳಿಯುವುದು. ಒಂದು ನಿಮಿಷದ ದೋಸೆಯಲ್ಲಿ ಕಡಿಮೆ. ಕಾವಲಿಯನ್ನು ದೋಸೆಗಾಗಿ ಕೊಳ್ಳಿ.

ತೊಳೆಯುವುದು ಸುಲಭ. ಬಿಸಿ ಕಾವಲಿಗೆ ತಣ್ಣೀರು ಸುರಿಯಬೇಡಿ, ಬೀಡು ಬಿರಿಯಬಹುದು. ತಣಿದ ಮೇಲೆ ತೆಂಗಿನ ನಾರಿನಿಂದ ಉಜ್ಜಿ. ಜಿಡ್ಡು ಇದ್ದರೆ ಒಂದು ಹನಿ ಸೋಪಿನ ದ್ರಾವಣ ಹಾಕಬಹುದು, ಗಟ್ಟಿಯಾದ ಪದರಕ್ಕೆ ಏನೂ ಆಗುವುದಿಲ್ಲ. ನೀರಲ್ಲಿ ನೆನೆಸಿಡುವುದು ಮಾತ್ರ ಕೂಡದು. ಒಲೆಯ ಮೇಲಿಟ್ಟು ಒಣಗಿಸಿ, ಎರಡು ಹನಿ ಸೂರ್ಯಕಾಂತಿ ಎಣ್ಣೆ ಸವರಿ ಒರೆಸಿಡಿ.

ಮಳೆಗಾಲದಲ್ಲಿ ಇನ್ನಷ್ಟು ಜೋಪಾನ ಬೇಕು. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುತ್ತದೆ, ಮೇಲೆ ಕಡಲ ಉಪ್ಪು ಗಾಳಿ. ಸಿಂಕಿನ ಕೆಳಗೆ, ಹೊರಗೋಡೆಯ ಮೊಳೆಗೆ ಕಾವಲಿ ಇಡಬೇಡಿ. ಒಲೆಯ ಪಕ್ಕದಲ್ಲೇ ಇರಲಿ. ಮೇಲೆ ಇನ್ನೊಂದು ಪಾತ್ರೆ ಇಡುವುದಿದ್ದರೆ ನಡುವೆ ಹತ್ತಿ ಬಟ್ಟೆ ಹಾಕಿ. ವಾರವಿಡೀ ದೋಸೆ ಇಲ್ಲದಿದ್ದರೂ ಒಂದು ಸಲ ಒಲೆಗಿಟ್ಟು ಬಿಸಿ ಮಾಡಿ.

ಅಜ್ಜಿಯ ಕಾಲದ ಕಾವಲಿ ಅಟ್ಟದಲ್ಲಿ ಕೆಂಪಾಗಿ ಬಿದ್ದಿದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಹಳೆಯ ಕಾವಲಿಗಳು ವರ್ಷಗಟ್ಟಲೆ ಸಟ್ಟುಗ ಉಜ್ಜಿ ನುಣುಪಾಗಿರುತ್ತವೆ, ಹೊಸದಕ್ಕಿಂತ ಬೇಗ ಪಳಗುತ್ತವೆ. ಹುಣಸೆ ನೀರು ಬಳಿದು 20 ನಿಮಿಷ ಬಿಟ್ಟು, ಸ್ಟೀಲ್ ನಾರಿನಿಂದ ಬೂದು ಲೋಹ ಕಾಣುವ ತನಕ ಉಜ್ಜಿ. ಅದಕ್ಕಿಂತ ಜಾಸ್ತಿ ಹೊತ್ತು ಹುಳಿಯಲ್ಲಿ ಇಡಬೇಡಿ. ತೊಳೆದ ಕೂಡಲೇ ಒಲೆಗಿಡಿ, ಹಾಗೇ ಬಿಟ್ಟರೆ ಕಣ್ಣೆದುರೇ ಮತ್ತೆ ಕೆಂಪು ಏರುತ್ತದೆ. ಆಮೇಲೆ ಹೊಸ ಕಾವಲಿಗೆ ಹೇಳಿದ್ದನ್ನೇ ಮಾಡಿ. ಬಡಿದಾಗ ದನಿ ಬೊದ್ದಾಗಿದ್ದು, ಬಿರುಕು ಕಣ್ಣಿಗೆ ಕಂಡರೆ ಅದೊಂದಕ್ಕೆ ಮಾತ್ರ ಮದ್ದಿಲ್ಲ.